ಚಿಮಣಿಗೆ ಸ್ಟೀಲ್ ಲೈನರ್ ಹಾಕಿಸಿ ಹಲವು ಚಳಿಗಾಲ: ಯಾರಿಗೆ ಬೇಕು, ಯಾರಿಗೆ ಬೇಡ

ಇದು ಅಡುಗೆಮನೆ ಗೋಡೆಗೆ ಹಾಕುವ ಫ್ಯಾನ್ ಚಿಮಣಿ ಬಗ್ಗೆ ಅಲ್ಲ. ಸೌದೆ ಒಲೆಯ ಹೊಗೆಯನ್ನು ಮಾಡಿನ ಮೇಲಕ್ಕೆ ಸಾಗಿಸುವ ಇಟ್ಟಿಗೆ ಚಿಮಣಿ ಇರುತ್ತದಲ್ಲ, ಅದರೊಳಗೆ ಇಳಿಬಿಡುವ ಸ್ಟೀಲ್ ಲೈನರ್ ಬಗ್ಗೆ. ನಮ್ಮಲ್ಲಿ ಮೊದಲಿದ್ದದ್ದು ಸುಟ್ಟ ಮಣ್ಣಿನ ಲೈನರ್, ಅಂದರೆ ಒಂದರ ಮೇಲೊಂದು ಕೂರಿಸಿ ಸಂದಿಗೆ ಗಾರೆ ತುಂಬಿದ ಮಣ್ಣಿನ ಕೊಳವೆಗಳು. ಅದು ಕೈಕೊಟ್ಟ ಮೇಲೆ 316 ದರ್ಜೆಯ, ಟೈಟೇನಿಯಂ ಬೆರೆಸಿದ, ಬಾಗುವಂಥ ಸ್ಟೀಲ್ ಲೈನರ್ ಹಾಕಿಸಿದೆವು, ಸುತ್ತ ಇನ್ಸುಲೇಷನ್ ಹೊದಿಸಿ. ಹಲವು ಚಳಿಗಾಲ ಕಳೆದಿವೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಯಾಕೆ ಹೋಯಿತು ಅಂತ ಆಮೇಲೆ ಹೇಳುತ್ತೇನೆ. ಆದರೆ ಲೈನರ್ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ ನಿಮಗೆ ಅದು ನಿಜವಾಗಿ ಬೇಕಾ ಅನ್ನುವುದೇ ದೊಡ್ಡ ಪ್ರಶ್ನೆ. ಬೇಕಾದವರು ಹಾಕಿಸುವುದಿಲ್ಲ, ಬೇಡದವರ ತಲೆಗೆ ಕಟ್ಟುತ್ತಾರೆ. ಹಾಗಾಗಿ ಜಾಸ್ತಿ ಅದನ್ನೇ ಬರೆಯುತ್ತೇನೆ.

ಲೈನರ್ ಯಾಕಿರಬೇಕು ಅಂತ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಬಿಸಿ ಪಕ್ಕದ ಮರದ ತೊಲೆಗಳಿಗೆ ತಾಗಬಾರದು, ಹೊಗೆಯಲ್ಲಿರುವ ಆಮ್ಲ ಗಾರೆಯನ್ನು ತಿನ್ನಬಾರದು, ವಿಷದ ಗಾಳಿ ಮನೆಯೊಳಗೆ ಸೋರಬಾರದು, ಜೊತೆಗೆ ಹೊಗೆ ಮೇಲಕ್ಕೆ ಎಳೆಯಲು ಸರಿಯಾದ ಅಳತೆಯ ದಾರಿ ಇರಬೇಕು. 1940ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಲೈನರ್ ಇಲ್ಲದ ಚಿಮಣಿಗಳನ್ನು ಪರೀಕ್ಷಿಸಿದಾಗ ಪಕ್ಕದ ಮರಕ್ಕೆ ಮೂರೂವರೆ ಗಂಟೆಯಲ್ಲಿ ಬೆಂಕಿ ಹತ್ತಿತ್ತು. ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಅನ್ನುವವರು ಇನ್ನೊಂದು ವಿಷಯ ತಿಳಿದುಕೊಳ್ಳಬೇಕು. ವರ್ಷಗಟ್ಟಲೆ ಬಿಸಿ ತಾಗಿದ ಮರ ಒಳಗೊಳಗೇ ಕಪ್ಪಾಗಿ, ಹೊಸ ಮರಕ್ಕಿಂತ ಕಡಿಮೆ ಬಿಸಿಗೇ ಹೊತ್ತಿಕೊಳ್ಳುವ ಹಾಗೆ ಆಗಿಬಿಡುತ್ತದೆ. ನಿನ್ನೆಯವರೆಗೆ ಏನೂ ಆಗಿಲ್ಲ ಅನ್ನುವುದು ನಾಳೆಗೆ ಗ್ಯಾರಂಟಿ ಅಲ್ಲ.

ಈಗ ಲಕ್ಷಣಗಳು. ನಮ್ಮ ಚಿಮಣಿಯಲ್ಲಿ ಅನುಮಾನ ಹುಟ್ಟಿಸಿದ್ದು ಮಣ್ಣಿನ ಚೂರು. ಚಿಮಣಿಯ ಬುಡದಲ್ಲಿ ಮಸಿ ತೆಗೆಯಲು ಒಂದು ಪುಟ್ಟ ಕಬ್ಬಿಣದ ಬಾಗಿಲು ಇರುತ್ತದೆ. ಅದನ್ನು ತೆರೆದಾಗ ಮಸಿಯ ಜೊತೆ ತೆಳ್ಳಗಿನ, ಉಗುರಿನಷ್ಟು ಅಗಲದ ಚೂರುಗಳು ಬಂದವು. ಒಂದು ಮುಖ ಕಪ್ಪು, ಇನ್ನೊಂದು ಮುಖ ಇಟ್ಟಿಗೆ ಕೆಂಪು. ಈ ಕೆಂಪು ಮುಖವನ್ನು ಸರಿಯಾಗಿ ನೋಡಿ. ಅದಕ್ಕೂ ಮಸಿ ಹಿಡಿದಿದ್ದರೆ ಚೂರು ಹಳೆಯದು, ಎಂದೋ ಬಿದ್ದದ್ದು, ಯಾವುದೋ ಮೂಲೆಯಲ್ಲಿ ಸಿಕ್ಕಿಕೊಂಡಿದ್ದು ಈಗ ಕೆಳಗೆ ಬಂದಿರಬಹುದು. ಕೆಂಪು ಮುಖ ಆಗಷ್ಟೇ ಮುರಿದಂತೆ ಸ್ವಚ್ಛವಾಗಿದ್ದರೆ ಲೈನರ್ ಈಗಲೂ ಉದುರುತ್ತಿದೆ ಅಂತ ಅರ್ಥ. ನಮ್ಮದು ಸ್ವಚ್ಛವಾಗಿತ್ತು. ಜೊತೆಗೆ ಮರಳಿನಂಥ ಕಣಗಳೂ ಇದ್ದವು, ಅವು ಸಂದಿಯ ಗಾರೆ. ಒಲೆಯೊಳಗೆ ಹಾಕಿರುವ ಬೆಂಕಿ ಇಟ್ಟಿಗೆಯೂ ಒಡೆದು ಚೂರಾಗುತ್ತದೆ, ಅದನ್ನು ನೋಡಿ ಹೆದರಬೇಡಿ. ಅದು ಸಾಮಾನ್ಯವಾಗಿ ಮಾಸಲು ಹಳದಿ ಅಥವಾ ಬಿಳಿ ಬಣ್ಣ, ದಪ್ಪ ಜಾಸ್ತಿ, ಮತ್ತು ಒಲೆಯ ಒಳಗೇ ಸಿಗುತ್ತದೆ.

ನನ್ನ ಪ್ರಕಾರ ಇಷ್ಟೆಲ್ಲ ಲಕ್ಷಣಗಳಲ್ಲಿ ನೇರವಾಗಿ ಲೈನರ್ ಕಡೆಗೇ ಬೆರಳು ತೋರಿಸುವುದು ಈ ಚೂರು ಮಾತ್ರ. ಉಳಿದವುಗಳಿಗೆಲ್ಲ ಬೇರೆ ಕಾರಣವೂ ಇರಬಹುದು. ಇದನ್ನು ಯಾರೂ ಹೇಳುವುದಿಲ್ಲ.

ಹೊಗೆ ಮನೆಯೊಳಗೆ ವಾಪಸ್ ಬರುವುದನ್ನೇ ತೆಗೆದುಕೊಳ್ಳಿ. ಎಲ್ಲ ಕಡೆ ಇದನ್ನು ಲೈನರ್ ಹಾಳಾದ ಲಕ್ಷಣ ಅಂತಲೇ ಬರೆದಿರುತ್ತಾರೆ. ಆದರೆ ಹಸಿ ಸೌದೆ ಹಾಕಿದರೂ ಹಾಗೇ ಆಗುತ್ತದೆ. ಚಿಮಣಿ ತುದಿಯ ಟೋಪಿಯ ಜಾಲರಿಗೆ ಮಸಿ ಕಟ್ಟಿದ್ದರೂ, ಹಕ್ಕಿ ಗೂಡು ಕಟ್ಟಿದ್ದರೂ ಹಾಗೇ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಜೋರಾಗಿ ಓಡುತ್ತಿದ್ದು ಕಿಟಕಿಗಳೆಲ್ಲ ಮುಚ್ಚಿದ್ದರೆ ಅದು ಚಿಮಣಿಯಿಂದಲೇ ಗಾಳಿ ಎಳೆದುಕೊಳ್ಳುತ್ತದೆ. ಮೊದಲು ಫ್ಯಾನ್ ನಿಲ್ಲಿಸಿ, ಒಂದು ಕಿಟಕಿ ತೆರೆದು, ಒಣ ಸೌದೆ ಹಾಕಿ ನೋಡಿ. ಸೌದೆಯಲ್ಲಿ ತೇವ ಶೇಕಡಾ 20ಕ್ಕಿಂತ ಕಡಿಮೆ ಇರಬೇಕು. ಅಳೆಯಲು ಪುಟ್ಟ ಮೀಟರ್ ಸಿಗುತ್ತದೆ, ಸೌದೆಯನ್ನು ಸೀಳಿ ಒಳಮುಖಕ್ಕೆ ಚುಚ್ಚಿ ನೋಡಬೇಕು, ಹೊರಗಿನ ತೊಗಟೆಗೆ ಚುಚ್ಚಿದರೆ ಸುಳ್ಳು ಲೆಕ್ಕ ಬರುತ್ತದೆ. ಇಷ್ಟರಲ್ಲೇ ಸರಿಹೋದರೆ ಲೈನರ್ ತಂಟೆಗೆ ಹೋಗಬೇಡಿ.

ಹೊರಗಿನ ಇಟ್ಟಿಗೆ ಮೇಲೆ ಬಿಳಿ ಪುಡಿ ಬರುವುದೂ ಹಾಗೇ. ಇಟ್ಟಿಗೆಯೊಳಗೆ ನೀರು ಇಳಿದು, ಹೊರಬಂದು ಆರುವಾಗ ಉಪ್ಪು ಬಿಟ್ಟು ಹೋಗುತ್ತದೆ, ಅಷ್ಟೇ. ಪ್ರಶ್ನೆ ಏನೆಂದರೆ ನೀರು ಬಂದದ್ದು ಎಲ್ಲಿಂದ. ಚಿಮಣಿ ತಲೆಯ ಸಿಮೆಂಟ್ ಬಿರುಕು ಬಿಟ್ಟಿರಬಹುದು, ಚಿಮಣಿ ಮತ್ತು ಮಾಡು ಸೇರುವಲ್ಲಿ ಹಾಕಿದ ತಗಡು ಎದ್ದಿರಬಹುದು. ಆಗ ಮಳೆಯ ನಂತರ ಪುಡಿ ಜಾಸ್ತಿಯಾಗುತ್ತದೆ. ಮಳೆ ಇಲ್ಲದ ಕಾಲದಲ್ಲೂ, ಒಲೆ ಉರಿಸುವ ದಿನಗಳಲ್ಲೇ ಜಾಸ್ತಿಯಾಗುತ್ತಿದ್ದರೆ ಹೊಗೆಯಲ್ಲಿರುವ ನೀರಾವಿ ಬಿರುಕಿನ ಮೂಲಕ ಇಟ್ಟಿಗೆಗೆ ಹೋಗುತ್ತಿದೆ ಅಂತ ಅನುಮಾನ ಪಡಬಹುದು. ಒಳಗೋಡೆಯ ಮೇಲೆ ಕಂದು ಬಣ್ಣದ, ಅಂಟಂಟಾದ, ಡಾಂಬರಿನ ಕಮಟು ವಾಸನೆಯ ಕಲೆ ಬಂದರೆ ಅದು ಬರೀ ಮಳೆನೀರಲ್ಲ. ಅದು ಕ್ರಿಯೋಸೋಟ್, ಅಂದರೆ ಸೌದೆ ಹೊಗೆ ತಣ್ಣಗಾಗಿ ಅಂಟುವ, ಬೇಗ ಹೊತ್ತಿಕೊಳ್ಳುವ ಡಾಂಬರಿನಂಥ ಪದಾರ್ಥ. ಅಲ್ಲಿಗೆ ಅದು ಬರಲು ಲೈನರ್‌ನಲ್ಲಿ ದಾರಿ ಆಗಿರುವ ಸಾಧ್ಯತೆಯೇ ಹೆಚ್ಚು.

ಎರಡು ವಿಷಯದಲ್ಲಿ ಮಾತ್ರ ಹೀಗೆಲ್ಲ ತರ್ಕ ಮಾಡುತ್ತಾ ಕೂರಬೇಡಿ. ಒಲೆ ಉರಿಯುವಾಗ ಚಿಮಣಿ ಹಾದುಹೋಗುವ ಗೋಡೆಯ ಯಾವುದೋ ಒಂದು ಕಡೆ ಮಾತ್ರ ಕೈಯಿಡಲಾಗದಷ್ಟು ಬಿಸಿಯಾದರೆ, ಅಥವಾ ಅಟ್ಟದಲ್ಲಿ, ಮೇಲಿನ ಕೋಣೆಯಲ್ಲಿ ಹೊಗೆ ವಾಸನೆ ಬಂದರೆ, ಆವತ್ತಿಗೆ ಒಲೆ ಬಂದ್. ಇನ್ನೊಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ. ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಲಾರಂ ಕೂಗಿದರೆ ಬ್ಯಾಟರಿ ಹೋಗಿರಬೇಕು ಅಂದುಕೊಳ್ಳದೆ ಎಲ್ಲರೂ ಹೊರಗೆ ಬನ್ನಿ, ಆಮೇಲೆ ಯೋಚಿಸಿ. ಒಲೆ ಇರುವ ಮನೆಯಲ್ಲಿ ಅಲಾರಂ ಇಲ್ಲದಿದ್ದರೆ ಲೈನರ್‌ಗಿಂತ ಮೊದಲು ಅದನ್ನು ತನ್ನಿ.

ಚಿಮಣಿಯೊಳಗೆ ಬೆಂಕಿ ಹತ್ತಿದ್ದರೆ ಅದು ಬೇರೆಯೇ ಲೆಕ್ಕ. ಕ್ರಿಯೋಸೋಟ್ ಹೊತ್ತಿಕೊಂಡರೆ ಒಳಗಿನ ಬಿಸಿ 1,000 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಮಣ್ಣಿನ ಕೊಳವೆಯ ಒಳಮೈ ಒಮ್ಮೆಲೇ ಹಿಗ್ಗುತ್ತದೆ, ಹೊರಮೈ ಇನ್ನೂ ತಣ್ಣಗೇ ಇರುತ್ತದೆ, ಉದ್ದಕ್ಕೆ ಸೀಳುತ್ತದೆ. ಜೋರಾಗಿ ಭೋರೆಂದು ಸದ್ದು ಬಂದರೆ ಗೊತ್ತಾಗುತ್ತದೆ. ಆದರೆ ಎಷ್ಟೋ ಸಲ ಗಾಳಿ ಸಾಲದೆ ನಿಧಾನಕ್ಕೆ ಉರಿದು ತಾನೇ ಆರಿಹೋಗುತ್ತದೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಗುಡಿಸುವಾಗ ಮಸಿ ಪುಡಿಯಾಗಿ ಬೀಳದೆ ಉಬ್ಬಿದ, ತೂತುತೂತಾದ, ಹಗುರ ಉಂಡೆಗಳಾಗಿ ಬಂದರೆ, ಡ್ಯಾಂಪರ್ (ಹೊಗೆಯ ದಾರಿಯನ್ನು ತೆರೆದು ಮುಚ್ಚುವ ತಗಡು) ಸೊಟ್ಟಗಾಗಿದ್ದರೆ, ಟೋಪಿಯ ಬಣ್ಣ ಕೆಟ್ಟಿದ್ದರೆ ಒಳಗೆ ಬೆಂಕಿ ಬಿದ್ದಿತ್ತು ಅಂತಲೇ ತಿಳಿಯಿರಿ. ಆಮೇಲೆ ಕ್ಯಾಮೆರಾ ಇಳಿಸಿ ನೋಡದೆ ಒಂದು ಕಡ್ಡಿಯನ್ನೂ ಗೀರಬೇಡಿ.

ಕ್ಯಾಮೆರಾ ವಿಷಯಕ್ಕೆ ಬಂದರೆ, ನನಗೆ ಸಿಟ್ಟು ಬಂದದ್ದು ಇಲ್ಲೇ. ಮೊದಲು ನೋಡಲು ಬಂದವರು ಕೆಳಗಿನಿಂದ ಟಾರ್ಚ್ ಬಿಟ್ಟು ಒಮ್ಮೆ ಇಣುಕಿ, ಪೂರ್ತಿ ಲೈನರ್ ಬದಲಿಸಲೇಬೇಕು ಅಂತ ಹೇಳಿ ಅಲ್ಲೇ ಎಸ್ಟಿಮೇಟ್ ಬರೆಯಲು ಶುರು ಮಾಡಿದರು. ಕೊನೆಗೆ ಅವರು ಹೇಳಿದ್ದು ನಿಜವೇ ಆಯಿತು, ಆದರೆ ಟಾರ್ಚಿನಿಂದ ಅದು ಗೊತ್ತಾಗಲು ಸಾಧ್ಯವೇ ಇರಲಿಲ್ಲ, ಸುಮ್ನೆ ಊಹೆ. ಎರಡನೆಯವರು ಮೊದಲು ಗುಡಿಸಿ, ಆಮೇಲೆ ಉದ್ದ ಕಡ್ಡಿಯ ತುದಿಗೆ ಕ್ಯಾಮೆರಾ ಕಟ್ಟಿ ಬುಡದಿಂದ ತುದಿವರೆಗೆ ಬಿಟ್ಟರು. ಗುಡಿಸದೆ ಕ್ಯಾಮೆರಾ ಬಿಟ್ಟರೂ ಪ್ರಯೋಜನವಿಲ್ಲ, ಮಸಿಯ ಕೆಳಗೆ ಬಿರುಕು ಅಡಗಿರುತ್ತದೆ. ಪರದೆಯ ಮೇಲೆ ನಾವೇ ನೋಡಿದೆವು: ಒಂದು ಕೊಳವೆ ಉದ್ದಕ್ಕೆ ಸೀಳಿತ್ತು, ಅದರ ಮೇಲಿನ ಸಂದಿಯಲ್ಲಿ ಗಾರೆಯೇ ಇರಲಿಲ್ಲ, ಆ ಕಪ್ಪು ಸಂದಿಯ ಆಚೆ ಹೊರಗಿನ ಇಟ್ಟಿಗೆ ಕಾಣುತ್ತಿತ್ತು. ಅದನ್ನು ನೋಡಿದ ಮೇಲೆ ಚರ್ಚೆಗೆ ಏನೂ ಉಳಿಯಲಿಲ್ಲ. ವಿಡಿಯೋ ಕೊಡಿ ಅಂತ ಕೇಳಿ ಇಟ್ಟುಕೊಳ್ಳಿ. ಕೊಡಲು ಹಿಂದೇಟು ಹಾಕಿದರೆ ಬೇರೆಯವರನ್ನು ಕರೆಯಿರಿ. ಅಮೆರಿಕದ ಎನ್‌ಎಫ್‌ಪಿಎ 211 ಮಾನದಂಡ (ಅಲ್ಲಿನ ಅಗ್ನಿ ಸುರಕ್ಷತಾ ಸಂಸ್ಥೆಯ ಚಿಮಣಿ ನಿಯಮಗಳು) ವರ್ಷಕ್ಕೊಮ್ಮೆ ಚಿಮಣಿ ತಪಾಸಣೆ ಮಾಡಿಸಿ ಅನ್ನುತ್ತದೆ. ಮನೆ ಕೈಬದಲಾದಾಗ, ಒಲೆ ಅಥವಾ ಇಂಧನ ಬದಲಾದಾಗ, ಬೆಂಕಿ ಅಥವಾ ಭೂಕಂಪ ಆದ ಮೇಲೆ ಇನ್ನೂ ಆಳವಾದ ತಪಾಸಣೆ ಬೇಕು ಅನ್ನುತ್ತದೆ.

ಬಿರುಕು ಕಂಡ ಕೂಡಲೇ ಪೂರ್ತಿ ಬದಲಿಸಬೇಕು ಅಂತಲೂ ಇಲ್ಲ. ಕೊಳವೆಗಳು ಗಟ್ಟಿಯಾಗಿದ್ದು ಸಂದಿಯ ಗಾರೆ ಮಾತ್ರ ಉದುರಿದ್ದರೆ ಒಳಗಿನಿಂದ ಸೆರಾಮಿಕ್ ಲೇಪ ಬಳಿದು ಮುಚ್ಚುವ ವಿಧಾನ ಇದೆ. ತುದಿಯ ಒಂದು ಕೊಳವೆ ಮಾತ್ರ ಒಡೆದಿದ್ದರೆ ಅದೊಂದನ್ನೇ ಬದಲಿಸಬಹುದು. ನಮ್ಮದು ನಡುವೆ ಸೀಳಿತ್ತು, ಅಲ್ಲಿಗೆ ಕೈ ಹೋಗುವುದಿಲ್ಲ.

ಲೈನರ್ ಒಂಚೂರೂ ಹಾಳಾಗದೆಯೂ ಹೊಸದು ಬೇಕಾಗಬಹುದು, ಅಳತೆ ಕಾರಣಕ್ಕೆ. ತೆರೆದ ಬೆಂಕಿಗೂಡಿಗೆ ಕಟ್ಟಿದ ದೊಡ್ಡ ಚಿಮಣಿಗೆ ಪುಟ್ಟ ಮುಚ್ಚಿದ ಒಲೆ ಜೋಡಿಸುತ್ತಾರಲ್ಲ, ತೊಂದರೆ ಅಲ್ಲಿ. ಒಲೆಯ ಹೊಗೆಬಾಯಿ 150 ಮಿಲಿಮೀಟರ್ ದುಂಡು, ಚಿಮಣಿ ಒಳಗೆ 300 ಮಿಲಿಮೀಟರ್ ಚೌಕ ಇದ್ದರೆ ಜಾಗ ಐದು ಪಟ್ಟು ಆಯಿತು. ಎನ್‌ಎಫ್‌ಪಿಎ ಪ್ರಕಾರ ಮನೆಯೊಳಗೇ ಇರುವ ಚಿಮಣಿಗೆ ಮೂರು ಪಟ್ಟು ದಾಟಬಾರದು, ಹೊರಗೋಡೆಯಲ್ಲಿ ಚಳಿಗೆ ಮೈಯೊಡ್ಡಿದ ಚಿಮಣಿಗೆ ಎರಡು ಪಟ್ಟು. ಅಷ್ಟು ದೊಡ್ಡ ಜಾಗದಲ್ಲಿ ಹೊಗೆ ನಿಧಾನವಾಗಿ ಏರುತ್ತದೆ, ಸುಮಾರು 120 ಡಿಗ್ರಿಗಿಂತ ತಣ್ಣಗಾದರೆ ಗೋಡೆಗೆ ಕ್ರಿಯೋಸೋಟ್ ಆಗಿ ಅಂಟುತ್ತದೆ. ಸೌದೆ ಒಣಗಿದೆ, ಒಲೆಗೆ ಗಾಳಿ ಸರಿಯಾಗಿ ಬಿಡುತ್ತೀರಿ, ಆದರೂ ಗುಡಿಸಿದ ಸ್ವಲ್ಪ ದಿನಕ್ಕೇ ಹೊಳೆಯುವ ಕಪ್ಪು ಪದರ ಕಟ್ಟುತ್ತದೆ ಅಂದರೆ ಅಳತೆಯನ್ನು ಅನುಮಾನಿಸಿ. ಗ್ಯಾಸ್‌ನವರಿಗೂ ಇದು ಅನ್ವಯ. ಮನೆ ಬೆಚ್ಚಗಿಡುವ ಹೀಟರ್ ಮತ್ತು ಬಿಸಿನೀರಿನ ಬಾಯ್ಲರ್ ಎರಡೂ ಒಂದೇ ಚಿಮಣಿಗೆ ಸೇರಿದ್ದು, ಹೀಟರ್ ಬದಲಿಸಿ ಹೊಸದರ ಹೊಗೆಯನ್ನು ಪ್ಲಾಸ್ಟಿಕ್ ಪೈಪ್‌ನಲ್ಲಿ ಗೋಡೆಯಿಂದ ಹೊರಬಿಟ್ಟರೆ, ದೊಡ್ಡ ಚಿಮಣಿಯಲ್ಲಿ ಬಾಯ್ಲರ್ ಒಂದೇ ಉಳಿಯುತ್ತದೆ. ಅದರ ಬಿಸಿ ಚಿಮಣಿಗೆ ಸಾಲದು. ಒಳಗೆ ಆಮ್ಲದ ನೀರು ಇಳಿದು ಗಾರೆ ಕರಗುತ್ತದೆ. ಹೊಸ ಹೀಟರ್ ಮಾರುವವರು ಈ ಮಾತು ಎತ್ತುವುದು ಕಡಿಮೆ.

ಈಗ ನಾನು ಬಳಸುತ್ತಿರುವ ಲೈನರ್ ಬಗ್ಗೆ. ಮೇಲಿಂದ ಹಗ್ಗ ಕಟ್ಟಿ ಇಳಿಸಿದರು. ಇನ್ಸುಲೇಷನ್ ಸೇರಿ ದಪ್ಪ ಜಾಸ್ತಿಯಾಗಿದ್ದರಿಂದ ಹಳೆಯ ಮಣ್ಣಿನ ಕೊಳವೆಯನ್ನು ಮೊದಲು ಒಡೆದು ತೆಗೆಯಬೇಕಾಯಿತು. ಧೂಳು ಭಯಂಕರ, ಮನೆಯ ಸಾಮಾನಿಗೆಲ್ಲ ಮುಚ್ಚಿಗೆ ಹಾಕಿಕೊಳ್ಳಿ. ಒಡೆಯುವ ಕೆಲಸ ಬೇಡ ಅಂತ ಇನ್ಸುಲೇಷನ್ ಬಿಟ್ಟುಬಿಡೋಣ ಅನ್ನುವವರು ಸಿಗುತ್ತಾರೆ. ಸೌದೆ ಒಲೆಗೆ ಒಪ್ಪಬೇಡಿ. ನಮ್ಮಲ್ಲಿ ಕಂಡ ಅತಿ ದೊಡ್ಡ ವ್ಯತ್ಯಾಸ ಅದರಿಂದಲೇ ಬಂದದ್ದು ಅಂತ ನನ್ನ ನಂಬಿಕೆ. ಒಲೆ ಹಚ್ಚಿದ ತಕ್ಷಣ ಹೊಗೆ ಎಳೆಯುತ್ತದೆ, ಬಾಗಿಲು ತೆರೆದರೆ ಮುಖಕ್ಕೆ ಹೊಗೆ ಬರುವುದಿಲ್ಲ. ಗುಡಿಸುವಾಗ ಬೀಳುವುದು ಒಣಗಿದ ಬೂದುಬಣ್ಣದ ಮಸಿ, ಹಿಂದಿನ ಹೊಳೆಯುವ ಪದರ ಮತ್ತೆ ಕಂಡಿಲ್ಲ. ಮಸಿ 3 ಮಿಲಿಮೀಟರ್ ದಪ್ಪವಾದರೆ ಗುಡಿಸಬೇಕು ಅನ್ನುವುದು ನಿಯಮ, ನಮ್ಮದು ಈಗ ಚಳಿಗಾಲದ ಕೊನೆಯವರೆಗೂ ಅಷ್ಟಾಗುವುದಿಲ್ಲ.

ಹೋದ ಒಂದು ಸ್ಟಾರ್. ಬಾಗುವ ಲೈನರ್‌ನ ಒಳಮೈ ಅಲೆಅಲೆಯಾಗಿರುತ್ತದೆ, ಆ ಮಡಿಕೆಗಳಲ್ಲಿ ಮಸಿ ಕೂರುತ್ತದೆ. ಒಳಗೆ ನುಣುಪಾಗಿರುವ ಎರಡು ಪದರದ್ದೂ ಸಿಗುತ್ತದೆ. ಚಿಮಣಿ ನೇರವಾಗಿದ್ದರೆ ಅದನ್ನೋ ಅಥವಾ ಬಾಗದ ಗಟ್ಟಿ ಕೊಳವೆಯನ್ನೋ ಕೇಳಿ. ನಮ್ಮ ಚಿಮಣಿ ನಡುವೆ ಸೊಟ್ಟ ಇದೆ, ಬಾಗುವುದೇ ಬೇಕಿತ್ತು, ಆದರೆ ನುಣುಪಿನದು ಇದೆ ಅಂತ ಹಾಕುವವರು ಹೇಳಲೇ ಇಲ್ಲ. ಇನ್ನೊಂದು ತಕರಾರು ಮೇಲಿನ ತಗಡು. ಲೈನರ್ ಮತ್ತು ಚಿಮಣಿ ನಡುವಿನ ಸಂದಿ ಮುಚ್ಚುವ ತಗಡಿಗೆ ಸಿಲಿಕೋನ್ ಬಳಿದಿರುತ್ತಾರೆ, ಅದು ಬಿಸಿಲಿಗೆ ಬಿಟ್ಟುಕೊಂಡು ಮಳೆನೀರು ಒಳಗೆ ಇಳಿಯಿತು. ಇನ್ಸುಲೇಷನ್ ನೆನೆದರೆ ಅದರ ಗುಣವೇ ಹೋಗುತ್ತದೆ. ವರ್ಷದ ತಪಾಸಣೆಯಲ್ಲಿ ಅದನ್ನೂ ನೋಡಿ ಅಂತ ನೀವೇ ಹೇಳಬೇಕು. ಸ್ಟೀಲ್ ಬಿಸಿಯಾಗುವಾಗ, ಆರುವಾಗ ಟಿಕ್ ಟಿಕ್ ಅನ್ನುತ್ತದೆ, ಅದು ದೋಷವಲ್ಲ, ಮೊದಮೊದಲು ಕಿರಿಕಿರಿ ಅಷ್ಟೇ.

ಸಮುದ್ರದಲ್ಲಿ ತೇಲಿಬಂದ ಮರ, ಪ್ಲಾಸ್ಟಿಕ್, ಬಣ್ಣ ಬಳಿದ ಹಲಗೆ ಇವನ್ನು ಉರಿಸಿದರೆ ಎಂಥ ಒಳ್ಳೆಯ ಸ್ಟೀಲೂ ತೂತಾಗುತ್ತದೆ, ಮುಖ್ಯವಾಗಿ ಕ್ಲೋರಿನ್ ಕಾರಣಕ್ಕೆ. ಕಲ್ಲಿದ್ದಲು ಉರಿಸುವವರು ಋತು ಮುಗಿದ ಕೂಡಲೇ ಗುಡಿಸಿಬಿಡಬೇಕು. ಉಳಿದ ಗಂಧಕದ ಮಸಿ ತೇವ ಕುಡಿದು ಆಮ್ಲವಾಗಿ, ಒಲೆ ಹಚ್ಚದ ತಿಂಗಳುಗಳಲ್ಲೇ ಲೈನರ್ ತಿನ್ನುತ್ತದೆ. ಗುಡಿಸಲು ತಯಾರಕರು ಯಾವ ಬ್ರಷ್ ಹೇಳಿದ್ದಾರೋ ಅದನ್ನೇ ಬಳಸಿ. ನಮ್ಮದಕ್ಕೆ ಪ್ಲಾಸ್ಟಿಕ್ ನಾರಿನ ಬ್ರಷ್, ಕಬ್ಬಿಣದ ತಂತಿಯದು ಕೂಡದು.

ವಾರಂಟಿ ಜೀವನಪೂರ್ತಿ ಅಂತ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಸಣ್ಣ ಅಕ್ಷರದಲ್ಲಿ, ಪ್ರತಿ ವರ್ಷ ಗುಡಿಸಿ ತಪಾಸಣೆ ಮಾಡಿಸಿದ ರಸೀದಿ ತೋರಿಸಬೇಕು ಅಂತ. ನಾನು ರಸೀದಿಗಳನ್ನೂ ಆ ಕ್ಯಾಮೆರಾ ವಿಡಿಯೋವನ್ನೂ ಒಂದೇ ಕಡೆ ಇಟ್ಟಿದ್ದೇನೆ. ಮುಂದಿನ ಸಲ ಗುಡಿಸಲು ಬಂದಾಗ ಟೋಪಿಯ ಜಾಲರಿಯನ್ನು ಸ್ವಲ್ಪ ದೊಡ್ಡ ಕಣ್ಣಿನದಕ್ಕೆ ಬದಲಿಸುವುದಿದೆ, ಈಗಿರುವುದು ಬೇಗ ಮಸಿ ಕಟ್ಟುತ್ತದೆ.