ಪದ ಕಲಿಯಲು ಯಾರ ವಾಕ್ಯ: ನಿಘಂಟಿನದೋ, ಕಾದಂಬರಿಯದೋ?

ಪದವನ್ನೂ ಅರ್ಥವನ್ನೂ ಎದುರುಬದುರು ಬರೆದುಕೊಂಡು ಉರು ಹೊಡೆದರೆ ಇಂಗ್ಲಿಷ್ ಬರುವುದಿಲ್ಲ ಎಂಬುದನ್ನು ಈಗ ಹೆಚ್ಚಿನವರು ಒಪ್ಪುತ್ತಾರೆ. ಪದವನ್ನು ವಾಕ್ಯದೊಳಗಿಟ್ಟೇ ಕಲಿಯಬೇಕು. ಆದರೆ ಯಾರ ವಾಕ್ಯ? ಜಗಳ ಶುರುವಾಗುವುದು ಇಲ್ಲಿ. ಕಲಿಯುವವರಿಗೆಂದೇ ಮಾಡಿದ ನಿಘಂಟಿನ ಉದಾಹರಣೆಗಳು, ಹಳೆಯ ಶ್ರೇಷ್ಠ ಕಾದಂಬರಿಗಳಿಂದ ಹೆಕ್ಕಿ, ಪದ ನೆನಪಿಡಲು ಮತ್ತೆ ಮತ್ತೆ ತಿರುವಿ ನೋಡುವ ಸಣ್ಣ ಕಾರ್ಡಿಗೇರಿಸಿದ ವಾಕ್ಯಗಳು, ಕಾದಂಬರಿಯನ್ನೇ ಮೊದಲಿನಿಂದ ಓದುತ್ತ ಎದುರಾದ ಪದಗಳಿಗೆ ಗೆರೆ ಎಳೆಯುವುದು: ಈ ಮೂರನ್ನೂ ಸಾಕಷ್ಟು ಕಾಲ ಬಳಸಿ ನೋಡಿದ್ದೇನೆ. ಒಂದರಿಂದ ಆಗುವ ಕೆಲಸ ಇನ್ನೊಂದರಿಂದ ಆಗುವುದಿಲ್ಲ.

ಮೊದಲು ನಿಘಂಟು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಸಂಗಡಿಗರೊಂದಿಗೆ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಹೊರತಂದಿತು. ಇಂದಿನ ಕಲಿಕೆಯ ನಿಘಂಟುಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಅದರ ವಂಶದವೇ. ಅಲ್ಲಿನ ಉದಾಹರಣೆಗಳಿಗೆ ಒಂದೇ ಗುರಿ: ಪದದ ಹಿಂದೆ ಮುಂದೆ ಏನು ಬರುತ್ತದೆ ಎಂದು ತೋರಿಸುವುದು. ‘ಡಿಸ್ಕಸ್’ ಆದಮೇಲೆ ‘ಅಬೌಟ್’ ಬೇಡ, ‘ಇನ್ಸಿಸ್ಟ್’ ಆದಮೇಲೆ ‘ಆನ್’ ಬೇಕು ಎಂಬುದನ್ನು ನೂರು ಕಾದಂಬರಿ ಓದಿದವನೂ ಗಮನಿಸದೆ ಹೋಗಬಹುದು. ನಿಘಂಟು ಎರಡು ಸಾಲಿನಲ್ಲಿ ಕಣ್ಣಿಗೆ ಕಟ್ಟುತ್ತದೆ. ಲಾಂಗ್‌ಮನ್‌ನವರು 1978ರಲ್ಲಿ ಸುಮಾರು 2,000 ಸರಳ ಪದಗಳೊಳಗೇ ವಿವರಣೆಗಳನ್ನು ಬರೆದರು. 1987ರ ಕೋಬಿಲ್ಡ್ ನಿಘಂಟು ಇನ್ನೂ ಮುಂದೆ ಹೋಯಿತು. ಬರ್ಮಿಂಗ್‌ಹ್ಯಾಮ್‌ನಲ್ಲಿ ಜಾನ್ ಸಿಂಕ್ಲೇರ್ ಮುಂದಾಳತ್ವದ ತಂಡ, ಕುಳಿತು ಹೊಸೆದ ವಾಕ್ಯಗಳನ್ನು ಬಿಟ್ಟು, ಕಂಪ್ಯೂಟರಿನಲ್ಲಿ ಕೂಡಿಟ್ಟ ನಿಜ ಬಳಕೆಯ ಪಠ್ಯದಿಂದಲೇ ಉದಾಹರಣೆಗಳನ್ನು ಆರಿಸಿಕೊಂಡಿತು.

ಇಷ್ಟೆಲ್ಲ ಇದ್ದರೂ ಈ ವಾಕ್ಯಗಳು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ‘ಆಕೆ ಹೊರಡಲು ಹಿಂದೇಟು ಹಾಕಿದಳು’ ಎಂಬಂಥ ವಾಕ್ಯದಲ್ಲಿ ಆಕೆ ಯಾರು, ಎಲ್ಲಿಂದ ಹೊರಡಬೇಕಿತ್ತು, ಹಿಂದೇಟು ಏಕೆ? ಯಾವುದೂ ಇಲ್ಲ. ಪುಟ ಮುಚ್ಚಿದೊಡನೆ ಆಕೆಯೂ ಹೋದಳು, ಪದವೂ ಹೋಯಿತು.

ಈ ಕೊರತೆಯನ್ನು ಕಾದಂಬರಿಯ ವಾಕ್ಯ ತುಂಬುತ್ತದೆ ಎಂಬುದು ಎರಡನೆಯ ದಾರಿಯವರ ವಾದ. ಸಾಹಿತ್ಯದಿಂದ ಉದಾಹರಣೆ ಕೊಡುವ ಪದ್ಧತಿಗೇನೂ ಕಡಿಮೆ ವಯಸ್ಸಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನಲ್ಲಿ ಲಕ್ಷಕ್ಕೂ ಹೆಚ್ಚು ಉಲ್ಲೇಖಗಳನ್ನು ಸೇರಿಸಿದ್ದರು. 1884ರಿಂದ ಕಂತುಕಂತಾಗಿ ಬಂದು 1928ರಲ್ಲಿ ಮುಗಿದ ಆಕ್ಸ್‌ಫರ್ಡಿನ ದೊಡ್ಡ ನಿಘಂಟು ಪ್ರತಿ ಅರ್ಥದ ಕೆಳಗೂ ಇಸವಿಯ ಸಮೇತ ವಾಕ್ಯಗಳನ್ನು ಪೋಣಿಸಿತು. ಆ ಇಸವಿಗಳು ಅಲ್ಲಿ ಅಲಂಕಾರಕ್ಕೆ ಇದ್ದದ್ದಲ್ಲ. ಇಂದಿನ ಕಾರ್ಡುಗಳಲ್ಲಿ ಮೊದಲು ಕಾಣೆಯಾಗಿರುವುದು ಅವೇ.

ಜೇನ್ ಆಸ್ಟೆನ್ 1815ರ ಕೊನೆಗೆ ಪ್ರಕಟಿಸಿದ ‘ಎಮ್ಮಾ’ದ ಮೊದಲ ವಾಕ್ಯವನ್ನೇ ನೋಡಿ. ನಾಯಕಿ ‘ಹ್ಯಾಂಡ್ಸಮ್, ಕ್ಲೆವರ್, ಅಂಡ್ ರಿಚ್’. ಆಕೆಗೆ ಸುಖದ ಮನೆಯಿದೆ, ‘ಹ್ಯಾಪಿ ಡಿಸ್ಪೊಸಿಷನ್’ ಇದೆ. ಹತ್ತಿರಹತ್ತಿರ ಇಪ್ಪತ್ತೊಂದು ವರ್ಷದ ಬದುಕಿನಲ್ಲಿ ಆಕೆಯನ್ನು ‘ಡಿಸ್ಟ್ರೆಸ್ ಆರ್ ವೆಕ್ಸ್’ ಮಾಡುವಂಥದ್ದು ಅತಿ ಕಡಿಮೆ. ‘ಡಿಸ್ಪೊಸಿಷನ್’ ಎಂದರೆ ಹುಟ್ಟುಸ್ವಭಾವ ಎಂದು ಯಾವ ನಿಘಂಟೂ ಇಷ್ಟು ಚೆಂದವಾಗಿ ಹೇಳಲಾರದು. ರೂಪ, ಬುದ್ಧಿ, ಹಣ, ಮನೆ ಎಲ್ಲ ಎಣಿಸಿದ ಮೇಲೆ ಮನುಷ್ಯರಿಗೆ ಇನ್ನೇನು ಉಳಿದಿರುತ್ತದೆಯೋ ಅದು. ‘ವೆಕ್ಸ್’ ಕೂಡ ‘ಡಿಸ್ಟ್ರೆಸ್’ ಪಕ್ಕದಲ್ಲಿ ಕುಳಿತು, ಅದಕ್ಕಿಂತ ಒಂದು ತೂಕ ಹಗುರವಾದ ಕಿರಿಕಿರಿ ಎಂದು ತಾನೇ ತಿಳಿಸುತ್ತದೆ. ಆದರೆ ಅದೇ ವಾಕ್ಯದ ‘ಹ್ಯಾಂಡ್ಸಮ್’? ಇಂದು ಇಪ್ಪತ್ತರ ಹುಡುಗಿಯನ್ನು ಹಾಗೆ ಹೊಗಳಿದರೆ ಆಕೆ ಹುಬ್ಬೇರಿಸುತ್ತಾಳೆ. ಈಗ ಆ ಮಾತು ಹೆಚ್ಚಾಗಿ ಗಂಡಸರಿಗೆ. ಒಂದೇ ವಾಕ್ಯ ಎರಡು ಪದಗಳನ್ನು ಸೊಗಸಾಗಿ ಕಲಿಸಿ ಮೂರನೆಯದರಲ್ಲಿ ದಾರಿ ತಪ್ಪಿಸುತ್ತದೆ. ಯಾವುದು ಯಾವುದೆಂದು ಕಾರ್ಡ್ ಹೇಳುವುದಿಲ್ಲ.

ಆಸ್ಟೆನ್‌ಳದೇ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ಇದಕ್ಕಿಂತ ತಮಾಷೆಯ ಪ್ರಸಂಗವಿದೆ. ಪಾದ್ರಿ ಕಾಲಿನ್ಸ್ ತನ್ನ ಆಶ್ರಯದಾತೆ ಲೇಡಿ ಕ್ಯಾಥರೀನಳ ‘ಕಾಂಡೆಸೆನ್ಷನ್’ ಕುರಿತು ಬಾಯಿತುಂಬ ಹೊಗಳುತ್ತಾನೆ. ದೊಡ್ಡವರು ಅಂತಸ್ತು ಮರೆತು ಚಿಕ್ಕವರೊಡನೆ ಬೆರೆಯುವ ಸೌಜನ್ಯಕ್ಕೆ ಆ ಕಾಲದಲ್ಲಿ ಹಾಗೆನ್ನುತ್ತಿದ್ದರು; ಇಂದು ಅದು ಎದುರಿಗಿದ್ದವರನ್ನು ಕೀಳೆಂದು ಕಾಣುವ ಧೋರಣೆ. ಕಾರ್ಡಿನಲ್ಲಿ ಆ ವಾಕ್ಯ ಓದಿದವನೊಬ್ಬ ಮೇಲಧಿಕಾರಿಗೆ ಬರೆಯುವ ಪತ್ರದಲ್ಲಿ ತಮ್ಮ ಕಾಂಡೆಸೆನ್ಷನ್‌ಗೆ ಕೃತಜ್ಞ ಎಂದು ಬರೆದರೆ ಮುಂದಿನದನ್ನು ಊಹಿಸಿಕೊಳ್ಳಿ. ಇಷ್ಟೇ ಅಲ್ಲ. ಕಾಲಿನ್ಸ್ ಎಂಥ ಹೊಗಳುಭಟ್ಟ, ಲೇಖಕಿ ಅವನನ್ನು ಹೇಗೆ ಚುಚ್ಚುತ್ತಿದ್ದಾಳೆ ಎಂಬುದು ಒಂದು ವಾಕ್ಯಕ್ಕೆ ಸಿಕ್ಕುವ ಸಂಗತಿಯಲ್ಲ. ವ್ಯಂಗ್ಯವನ್ನು ಕಾರ್ಡಿಗೆ ಹಾಕಿದರೆ ಗಿಡ ಕಿತ್ತು ಬೇರು ನೆಲದಲ್ಲೇ ಬಿಟ್ಟು ಬಂದಂತೆ.

ಹಾಗೆಂದು ಕಾರ್ಡು ಪೂರಾ ದಂಡವಲ್ಲ. ತನ್ನ ಅರ್ಥವನ್ನು ತಾನೇ ಹೊತ್ತು ತರುವ ವಾಕ್ಯಗಳಿವೆ. ಡಿಕನ್ಸ್‌ನ 1859ರ ‘ಎ ಟೇಲ್ ಆಫ್ ಟೂ ಸಿಟೀಸ್’ ಆರಂಭದಲ್ಲಿ ‘ಎಪಕ್ ಆಫ್ ಬಿಲೀಫ್’ ಎದುರಿಗೆ ‘ಎಪಕ್ ಆಫ್ ಇನ್‌ಕ್ರೆಡ್ಯುಲಿಟಿ’ ಬರುತ್ತದೆ. ಅದಕ್ಕೂ ಮೊದಲು ವಿವೇಕದ ಕಾಲಕ್ಕೆ ಎದುರು ಮೌಢ್ಯದ ಕಾಲ ಬಂದಿರುತ್ತದೆ, ಹಾಗೆಯೇ ನಂಬಿಕೆಯ ಕಾಲಕ್ಕೆ ಎದುರು ಅಪನಂಬಿಕೆಯ ಕಾಲ; ನಿಘಂಟು ತೆರೆಯುವ ಅಗತ್ಯವೇ ಬೀಳುವುದಿಲ್ಲ. ಜೋಡಿಪದ, ವಿರುದ್ಧಪದ, ಪಟ್ಟಿ ಇರುವ ವಾಕ್ಯಗಳನ್ನು ಮಾತ್ರ ಆರಿಸಿದರೆ ಕಾರ್ಡು ಚೆನ್ನಾಗಿ ದುಡಿಯುತ್ತದೆ. ಸ್ವಭಾವ, ಮನಃಸ್ಥಿತಿ, ಹವಾಮಾನ ಕುರಿತ ಪದಗಳಿಗೆ ಇಂಥವು ಧಾರಾಳವಾಗಿ ಸಿಗುತ್ತವೆ. ಯಂತ್ರ ಸಿಕ್ಕಸಿಕ್ಕ ಕಡೆಯಿಂದ ಎಳೆದು ತಂದ ಸಿದ್ಧ ಕಾರ್ಡುಗಳಿಗೆ ಈ ವಿವೇಚನೆ ಇಲ್ಲ. ಅವುಗಳಲ್ಲಿ ಅರ್ಧಕ್ಕರ್ಧ ವಾಕ್ಯಗಳು ‘ಅವನು’ ಯಾರೆಂದೂ ತಿಳಿಯದೆ ನಡುದಾರಿಯಲ್ಲಿ ನಿಂತಿರುತ್ತವೆ.

ಮೂರನೆಯ ದಾರಿ ನಿಧಾನದ್ದು, ನನಗೆ ಅತಿ ಪ್ರಿಯವಾದದ್ದು. ಪದ ಮತ್ತೆ ಮತ್ತೆ, ಬೇರೆ ಬೇರೆ ಬಾಯಲ್ಲಿ ಎದುರಾಗುತ್ತದೆ. ‘ಸಿಂಗ್ಯುಲರ್’ ಎಂದರೆ ಏಕವಚನ ಎಂದಷ್ಟೇ ಗೊತ್ತಿದ್ದವರು ಷರ್ಲಾಕ್ ಹೋಮ್ಸ್‌ನ ಕೆಲವು ಕಥೆ ಓದಿದರೆ ಸಾಕು. ವಿಚಿತ್ರ, ಅಸಾಧಾರಣ ಎಂಬ ಅರ್ಥ ಯಾರೂ ಹೇಳದೆಯೇ ಒಳಗಿಳಿಯುತ್ತದೆ. ‘ಕೌಂಟೆನೆನ್ಸ್’ ಎಂದರೆ ಮುಖ, ಅದರಲ್ಲೂ ಭಾವ ತೋರುವ ಮುಖ ಎಂದು ಆಸ್ಟೆನ್ ಪುಟಪುಟದಲ್ಲೂ ನೆನಪಿಸುತ್ತಾಳೆ. ತೊಡಕೆಂದರೆ ಪ್ರವೇಶ ಶುಲ್ಕ ಜಾಸ್ತಿ. ಕಾದಂಬರಿಯೊಂದನ್ನು ಹೊರಗಿನ ನೆರವಿಲ್ಲದೆ, ನೂರಕ್ಕೆ ತೊಂಬತ್ತೆಂಟು ಪದ ಗೊತ್ತಿರುವಂತೆ ಓದಲು 8,000ದಿಂದ 9,000 ಪದಕುಟುಂಬಗಳು (ಒಂದು ಪದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ) ಬೇಕೆಂದು ಪದಕಲಿಕೆಯ ಸಂಶೋಧಕ ಪಾಲ್ ನೇಶನ್ 2006ರಲ್ಲಿ ಲೆಕ್ಕ ಹಾಕಿದ್ದರು. ಅದರ ಅರ್ಧವೂ ಇಲ್ಲದವರು ದಪ್ಪ ಕಾದಂಬರಿ ಹಿಡಿದರೆ ಮೂರನೆಯ ಅಧ್ಯಾಯಕ್ಕೆ ಸುಸ್ತು. ಅವರಿಗೆ ಸಣ್ಣಕಥೆಗಳೇ ಸರಿ. ಸರಳಗೊಳಿಸಿದ ಆವೃತ್ತಿಗಳು ಓದಿನ ಅಭ್ಯಾಸಕ್ಕೆ ಒಳ್ಳೆಯವು, ಆದರೆ ನಾವು ಹುಡುಕುವ ಪದಗಳನ್ನೇ ಅವು ತೆಗೆದುಹಾಕಿರುತ್ತವೆ.

ಹಾಗಾಗಿ ಈಗ ನನ್ನ ಕ್ರಮ ಹೀಗಿದೆ. ಓದುವಾಗ ಮೊದಲ ಸಲ ಸಿಕ್ಕ ಪದವನ್ನು ಬಿಟ್ಟುಬಿಡುತ್ತೇನೆ, ಎರಡನೆಯ ಸಲಕ್ಕೆ ಗೆರೆ. ಆಮೇಲೆ 1971ರಲ್ಲಿ ಮೈಕೆಲ್ ಹಾರ್ಟ್ ಶುರು ಮಾಡಿದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಉಚಿತ ಅಂತರ್ಜಾಲ ಪುಸ್ತಕ ಭಂಡಾರದಿಂದ ಅದೇ ಪುಸ್ತಕದ ಪಠ್ಯ ಇಳಿಸಿಕೊಂಡು ಆ ಪದವನ್ನು ಹುಡುಕುತ್ತೇನೆ. ಕಾದಂಬರಿಯುದ್ದಕ್ಕೂ ಅದು ಯಾರ್ಯಾರ ಬಗ್ಗೆ, ಯಾವ ಪದದ ಜೊತೆ ಬಂದಿದೆ ಎಂದು ಒಂದೇ ನೋಟಕ್ಕೆ ಕಾಣುತ್ತದೆ. ಅತಿ ಸ್ಪಷ್ಟವಾದ ವಾಕ್ಯವನ್ನು ಕಾರ್ಡಿಗೆ ಬರೆದು, ಕೃತಿಯ ಇಸವಿ ಮತ್ತು ಮಾತಾಡಿದ ಪಾತ್ರದ ಹೆಸರನ್ನು ಪಕ್ಕದಲ್ಲೇ ಹಾಕುತ್ತೇನೆ. ಕಲಿಕೆಯ ನಿಘಂಟನ್ನು ತೆರೆಯುವುದು ಕೊನೆಗೆ, ಒಂದೇ ಪ್ರಶ್ನೆ ಕೇಳಲು: ಈ ಪದ ಈಗಲೂ ಇದೇ ಅರ್ಥದಲ್ಲಿ ಓಡಾಡುತ್ತಿದೆಯೇ? ಇದ್ದರೆ ನಿಘಂಟಿನ ಒಂದು ವಾಕ್ಯವೂ ಕಾರ್ಡಿನ ಹಿಂಬದಿಗೆ. ಇಲ್ಲದಿದ್ದರೆ ಮೂಲೆಯಲ್ಲಿ ‘ಓದಲು ಮಾತ್ರ’ ಎಂಬ ಗುರುತು. ‘ಕೌಂಟೆನೆನ್ಸ್’ ಆ ಗುಂಪಿನಲ್ಲಿದೆ. ‘ಡಿಸ್ಪೊಸಿಷನ್’ ಎರಡೂ ಬದಿ ತುಂಬಿಕೊಂಡಿದೆ.

ಮುಂದಿನ ತಿಂಗಳು ಪರೀಕ್ಷೆಯೋ ಸಂದರ್ಶನವೋ ಇರುವವರಿಗೆ ಇಷ್ಟು ಸುತ್ತಾಟ ಬೇಡ. ಅವರು ನಿಘಂಟಿನ ಉದಾಹರಣೆಗಳನ್ನೇ ದಿನವೂ ಗಟ್ಟಿಯಾಗಿ ಓದಲಿ, ಪ್ರತಿ ಪದಕ್ಕೂ ಸ್ವಂತ ವಾಕ್ಯವೊಂದನ್ನು ಬರೆಯಲಿ. ಆಸ್ಟೆನ್ ಇನ್ನೂರು ವರ್ಷ ಕಾದಿದ್ದಾಳೆ, ಇನ್ನೊಂದು ತಿಂಗಳು ಕಾಯುತ್ತಾಳೆ.