ಹಸಿರು ಟಿಕ್ ನಂಬಿ ಆಸ್ಪತ್ರೆಯ ವರ್ಕ್‌ಫ್ಲೋ ಚಾಲೂ ಮಾಡಬೇಡಿ

ಆಸ್ಪತ್ರೆಗೆ ವರ್ಕ್‌ಫ್ಲೋ ಸಾಫ್ಟ್‌ವೇರ್, ಅಂದರೆ ಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ತಾನೇ ನಡೆಸುವಂಥದ್ದು, ಹಾಕಿಸುತ್ತಿದ್ದೀರಾ? ಆ ಹೆಜ್ಜೆಗಳ ಮಾಡೆಲ್ ಪಕ್ಕದಲ್ಲಿ 'ಪರಿಶೀಲಿಸಲಾಗಿದೆ' ಅಂತ ಹಸಿರು ಟಿಕ್ ಬಂದರೆ, ಏನನ್ನು ಪರಿಶೀಲಿಸಿದಿರಿ ಎಂದು ಮೊದಲು ಕೇಳಿ.

ನಾವು ಮಾಡಿಸಿದ್ದು ಮಧುಮೇಹದ ಔಷಧಿ ಆರ್ಡರ್‌ಗೆ. ಹೆಜ್ಜೆಗಳ ಚಿತ್ರ ಬಿಪಿಎಂಎನ್‌ನಲ್ಲಿ (ಕೆಲಸದ ಹರಿವನ್ನು ಬಾಣಗಳಿಂದ ಬರೆಯುವ ರೀತಿ), ನಿರ್ಧಾರಗಳು ಡಿಎಂಎನ್ ಟೇಬಲ್‌ನಲ್ಲಿ (ಹೀಗಿದ್ದರೆ ಹೀಗೆ ಮಾಡು ಎಂಬ ನಿಯಮಗಳನ್ನು ಸಾಲುಸಾಲಾಗಿ ಬರೆಯುವ ರೀತಿ). ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್ ಕೊಡುವ ಮೊದಲು ಕಿಡ್ನಿ ಹೇಗಿದೆ ನೋಡಬೇಕಲ್ವಾ, ಅದಕ್ಕೆ ಇಜಿಎಫ್‌ಆರ್ (ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅನ್ನುವ ಅಂದಾಜು ಸಂಖ್ಯೆ) ಮೇಲೆ ಮೂರು ಸಾಲು. 30ಕ್ಕಿಂತ ಕಡಿಮೆ ಇದ್ದರೆ ನಿಲ್ಲಿಸಿ. 30ಕ್ಕಿಂತ ಜಾಸ್ತಿ ಇದ್ದು 45ರೊಳಗಿದ್ದರೆ ವೈದ್ಯರಿಗೆ ಕಳಿಸಿ. 45 ದಾಟಿದರೆ ಮುಂದುವರಿಸಿ. ಓದಿದರೆ ಎಲ್ಲ ಸರಿಯಾಗೇ ಇದೆ ಅನಿಸುತ್ತದೆ. ಒಬ್ಬ ರೋಗಿಯ ರಿಪೋರ್ಟ್‌ನಲ್ಲಿ ಸರಿಯಾಗಿ 30 ಬಂತು. ಯಾವ ಸಾಲಿಗೂ ಅದು ಸೇರಲಿಲ್ಲ. ಉತ್ತರ ಖಾಲಿ, ಮುಂದೆ ಹೋಗಲು ದಾರಿಯಿಲ್ಲ, ಆರ್ಡರ್ ಅಲ್ಲೇ ನಿಂತಿತು. ಫಾರ್ಮಸಿಯ ಪರದೆಯಲ್ಲಿ ಅದು ಕಾಣಿಸಲೇ ಇಲ್ಲ. ನರ್ಸ್ ಫೋನ್ ಮಾಡಿ ಕೇಳಿದ ಮೇಲೆ ಗೊತ್ತಾಯಿತು.

ಹಸಿರು ಟಿಕ್ ಹಾಕಿದ ಟೂಲ್ ನೋಡಿದ್ದು ಚಿತ್ರವನ್ನು ಮಾತ್ರ: ಬಾಣಗಳು ಸೇರಿವೆಯಾ, ಎಲ್ಲಾದರೂ ಡೆಡ್‌ಲಾಕ್ (ಹೆಜ್ಜೆಗಳು ಕಾಯುತ್ತಲೇ ಸಿಕ್ಕಿಬೀಳುವುದು) ಇದೆಯಾ ಅಂತ. ಟೇಬಲ್ ಒಳಗಿನ ಸಂಖ್ಯೆಗಳನ್ನು ಮುಟ್ಟಿಯೇ ಇರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಸಾಫ್ಟ್‌ವೇರ್ ಕೊಟ್ಟವರು ರಿಪೇರಿ ಅಂತ ಕೊನೆಗೊಂದು ಸಾಲು ಸೇರಿಸಿದರು: 'ಉಳಿದದ್ದೆಲ್ಲ ಮುಂದುವರಿಸಿ'. ಯಾವ ಸಾಲಿನ ಉತ್ತರ ತೆಗೆದುಕೊಳ್ಳಬೇಕು ಎಂದು ಹೇಳುವ ಹಿಟ್ ಪಾಲಿಸಿಯನ್ನು 'ಯೂನಿಕ್'ನಿಂದ (ಒಂದಕ್ಕಿಂತ ಹೆಚ್ಚು ಸಾಲು ಹೊಂದುವಂತಿಲ್ಲ) 'ಫಸ್ಟ್'ಗೆ ಬದಲಿಸಿದರು, ಅಂದರೆ ಮೊದಲು ಹೊಂದುವ ಸಾಲೇ ಉತ್ತರ. ಆರ್ಡರ್ ನಿಲ್ಲುವುದು ನಿಂತಿತು, ನಿಜ. ಆದರೆ 30 ಬಂದವರಿಗೂ ಈಗ 'ಮುಂದುವರಿಸಿ'. ಲ್ಯಾಬ್ ರಿಪೋರ್ಟ್ ಇನ್ನೂ ಬಂದೇ ಇಲ್ಲದವರಿಗೂ ಅದೇ ಉತ್ತರ, ಯಾಕೆಂದರೆ ಖಾಲಿ ಜಾಗವೂ 'ಉಳಿದದ್ದರಲ್ಲಿ' ಸೇರುತ್ತದೆ. ನಿಂತ ಆರ್ಡರ್ ಬಗ್ಗೆ ಯಾರಾದರೂ ಕೇಳುತ್ತಾರೆ. ಸುಮ್ನೆ ಪಾಸ್ ಆದದ್ದನ್ನು ಕೇಳುವವರು ಯಾರು? ಫಾರ್ಮಸಿಸ್ಟ್ ಒಬ್ಬರು ಕೈಯಾರೆ ಫೈಲ್ ತೆಗೆದು ನೋಡಿದ್ದರಿಂದ ಉಳಿದುಕೊಂಡೆವು. ಟಿಕ್ ಆಗಲೂ ಹಸಿರಾಗೇ ಇತ್ತು.

ನೀವು ಡೆಮೊ ನೋಡುವಾಗ ನಿಮ್ಮದೇ ಟೇಬಲ್ ಕೊಡಿ. 29, 30, 31, 45, 46 ಹಾಕಿಸಿ. ಖಾಲಿ ಬಿಟ್ಟು ಓಡಿಸಿ. ಯೂನಿಟ್ ಬದಲಿಸಿಯೂ ನೋಡಿ: ಇಜಿಎಫ್‌ಆರ್ ಲೆಕ್ಕ ಹಾಕುವುದು ರಕ್ತದ ಕ್ರಿಯಾಟಿನಿನ್‌ನಿಂದ, ಅದು ಡೆಸಿಲೀಟರ್‌ಗೆ 1 ಮಿಲಿಗ್ರಾಂ ಅಂದರೆ ಲೀಟರ್‌ಗೆ 88.4 ಮೈಕ್ರೋಮೋಲ್, ಎರಡು ಲ್ಯಾಬ್‌ಗಳು ಎರಡು ರೀತಿ ಕಳಿಸಿದರೆ ಟೇಬಲ್‌ಗೆ ಗೊತ್ತಾಗುವುದಿಲ್ಲ. ಸಾಲುಗಳ ನಡುವಿನ ಸಂದು, ಒಂದರ ಮೇಲೊಂದು ಬೀಳುವ ಸಾಲು, ಇವೆರಡನ್ನೂ ಟೂಲ್ ತಾನಾಗಿ ಹಿಡಿಯುತ್ತದೆಯಾ ಕೇಳಿ. ಇದನ್ನು ಮಾಡುವ ಟೂಲ್‌ಗಳು ಇವೆ, ಆಗುವುದಿಲ್ಲ ಅಂದರೆ ನಂಬಬೇಡಿ. 'ಉಳಿದದ್ದೆಲ್ಲ' ಸಾಲು ಬೇಕೇ ಬೇಕಾದರೆ ಅದು ಒಬ್ಬ ಮನುಷ್ಯನ ಮುಂದೆ ಹೋಗಿ ನಿಲ್ಲಲಿ. ಒಂದೇ ಒಂದು ಸಾಲು ಬದಲಾದರೂ ಇಷ್ಟನ್ನೂ ಮತ್ತೆ ಓಡಿಸಿ ಫಲಿತಾಂಶ ಕೊಡಬೇಕು ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಿ.