ಒಣಗಿದ ವೀನಸ್ ಫ್ಲೈಟ್ರ್ಯಾಪ್: ಮೇಲಿಂದ ನೀರೋ, ತಟ್ಟೆಯೋ, ಹೊಸ ಕುಂಡವೋ?

ವೀನಸ್ ಫ್ಲೈಟ್ರ್ಯಾಪ್ ಅಂದರೆ ಎಲೆ ತುದಿಯ ಬಾಯಿಯಿಂದ ಹುಳ ಹಿಡಿದು ತಿನ್ನುವ ಪುಟ್ಟ ಗಿಡ. ಮಣ್ಣು ಒಣಗಿ ಬಾಡಿದ ಫ್ಲೈಟ್ರ್ಯಾಪ್ ಉಳಿಸಲು ಜನ ಸಾಮಾನ್ಯವಾಗಿ ನಾಲ್ಕು ದಾರಿ ಹಿಡಿಯುತ್ತಾರೆ. ಮೇಲಿಂದ ನೀರು ಹಾಕುವುದು, ಕುಂಡವನ್ನೇ ಬಕೆಟ್‌ನಲ್ಲಿ ಮುಳುಗಿಸುವುದು, ತಟ್ಟೆಯಲ್ಲಿ ನೀರಿಟ್ಟು ಅಡಿಯಿಂದ ನೆನೆಸುವುದು, ಗಿಡ ಕಿತ್ತು ಹೊಸ ಮಣ್ಣಿಗೆ ಹಾಕುವುದು. ನಾಲ್ಕನ್ನೂ ಮಾಡಿ ನೋಡಿದ್ದೇನೆ. ಕೆಲವು ನನ್ನವೇ ಗಿಡಗಳು, ಕೆಲವು ಗೆಳೆಯರು ‘ಇದರ ಕಥೆ ಮುಗೀತು, ಬೇಕಾದ್ರೆ ಇಟ್ಕೋ’ ಅಂತ ಕೊಟ್ಟವು. ನನ್ನ ಮತ ಮೊದಲೇ ಹೇಳಿಬಿಡುತ್ತೇನೆ: ಗೆಡ್ಡೆ ಗಟ್ಟಿಯಾಗಿದ್ದರೆ ತಟ್ಟೆಯೇ ಸರಿ. ಉಳಿದವಕ್ಕೆಲ್ಲ ಅದರದ್ದೇ ಆದ ಕಾರಣ ಬೇಕು.

ಮೊದಲು ಗೆಡ್ಡೆ ನೋಡಬೇಕು. ಎಲೆಗಳ ಬುಡದ ಹತ್ತಿರ ಒಂದಿಷ್ಟು ಮಣ್ಣು ಮೆಲ್ಲಗೆ ಸರಿಸಿ ಬೆರಳಲ್ಲಿ ಒತ್ತಿ. ಬಿಳಿಯಾಗಿದ್ದು ಗಟ್ಟಿ ಅನಿಸಿದರೆ ಗಿಡಕ್ಕೆ ಜೀವ ಇದೆ. ಮೇಲೆ ಒಂದು ಹಸಿರು ಎಲೆ ಇಲ್ಲದಿದ್ದರೂ ಪರವಾಗಿಲ್ಲ. ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ, ಕೊಳೆತ ವಾಸನೆ ಬಂದರೆ ಆಸೆ ಕಡಿಮೆ. ಬೇರು ಕಪ್ಪಗಿದೆ ಅಂತ ಮಾತ್ರ ಹೆದರಬೇಡಿ. ಫ್ಲೈಟ್ರ್ಯಾಪ್ ಬೇರು ಆರೋಗ್ಯವಾಗಿದ್ದಾಗಲೂ ಕಪ್ಪೇ. ಇದು ಗೊತ್ತಿಲ್ಲದೆ ಚೆನ್ನಾಗಿರುವ ಗಿಡವನ್ನು ಎಸೆದವರು ತುಂಬಾ ಜನ ಇದ್ದಾರೆ.

ಈಗ ಮೇಲಿಂದ ನೀರು ಹಾಕುವ ದಾರಿ. ಎಲ್ಲರ ಕೈ ಮೊದಲು ಹೋಗುವುದು ಇದಕ್ಕೇ. ಈ ಗಿಡವನ್ನು ಬೆಳೆಸುವುದು ಪೀಟ್ ಮಾಸ್‌ನಲ್ಲಿ, ಅಂದರೆ ಜೌಗಿನಲ್ಲಿ ಅರೆಕೊಳೆತ ಪಾಚಿಯ ಪುಡಿಯಲ್ಲಿ. ಪೀಟ್ ಒದ್ದೆಯಿದ್ದಾಗ ನೀರನ್ನು ಚೆನ್ನಾಗಿ ಹಿಡಿದಿಡುತ್ತದೆ, ಪೂರ್ತಿ ಒಣಗಿದ ಮೇಲೆ ಮಾತ್ರ ನೀರನ್ನು ಹತ್ತಿರ ಸೇರಿಸುವುದಿಲ್ಲ. ಒಣಗುತ್ತಾ ಕುಗ್ಗುವುದರಿಂದ ಕುಂಡದ ಗೋಡೆಗೂ ಪೀಟ್‌ಗೂ ನಡುವೆ ಸಣ್ಣ ಸಂದು ಬಿಡುತ್ತದೆ. ನೀರು ಹಾಕಿದರೆ ಹನಿಗಳು ಮೇಲೆ ಉರುಳಿ, ಆ ಸಂದಿಯಲ್ಲಿ ಇಳಿದು, ಅಡಿಯ ತೂತಿನಿಂದ ಸರಸರ ಹೊರಗೆ ಬರುತ್ತವೆ. ನೋಡಿದವರಿಗೆ ‘ಕುಂಡ ನೆನೆಯಿತು’ ಅನಿಸುತ್ತದೆ. ನಡುವೆ ಬೆರಳು ಇಳಿಸಿ ನೋಡಿ, ಒಳಗೆ ಪುಡಿಪುಡಿ, ಒಣಕಲು. ನಾನು ಹೀಗೆ ನೀರು ಹಾಕಿದ ಕುಂಡವನ್ನು ಮರುದಿನ ಎತ್ತಿದಾಗ ಅದು ಮೊದಲಿನಷ್ಟೇ ಹಗುರವಾಗಿತ್ತು. ಮೇಲ್ಭಾಗ ಮಾತ್ರ ಸ್ವಲ್ಪ ಒಣಗಿ ಒಳಗೆ ಇನ್ನೂ ತೇವ ಇದ್ದರೆ ಈ ದಾರಿ ಸಾಕು. ಪೂರ್ತಿ ಒಣಗಿದ್ದಕ್ಕೆ ಇದು ಕೆಲಸಕ್ಕೆ ಬರುವುದಿಲ್ಲ.

ಬಕೆಟ್‌ನಲ್ಲಿ ಮುಳುಗಿಸಿದರೆ ಬೇಗ ನೆನೆಯುತ್ತದೆ, ಅದು ನಿಜ. ಆದರೆ ಒಣಗಿದ ಪೀಟ್ ತೇಲುತ್ತದೆ. ಮುಳುಗಿಸಿದ ಕೂಡಲೇ ಗಾಳಿ ಗುಳ್ಳೆಗಳು ಏಳುತ್ತವೆ, ಅವುಗಳ ಜೊತೆ ಮಣ್ಣೂ ಮೇಲೆದ್ದು ಬರುತ್ತದೆ, ಗಿಡ ವಾಲುತ್ತದೆ. ಬಾಡಿದ ಗಿಡದ ಬೇರು ಆಗಲೇ ಸೋತಿರುತ್ತದೆ. ಅದನ್ನು ಈ ರೀತಿ ಅಲ್ಲಾಡಿಸುವುದು ನನಗಂತೂ ಇಷ್ಟವಿಲ್ಲ. ದೊಡ್ಡ ಕುಂಡ, ಗಟ್ಟಿಯಾಗಿ ಕೂತ ಗಿಡ ಆಗಿದ್ದರೆ, ಮೇಲೆ ಕೈ ಒತ್ತಿಟ್ಟು ನಿಧಾನವಾಗಿ ಮುಳುಗಿಸಬಹುದು. ಅಂಗೈಯಗಲದ ಸಣ್ಣ ಕುಂಡಕ್ಕೆ ಬೇಡ.

ತಟ್ಟೆಯ ದಾರಿ ನಿಧಾನ, ಆದರೆ ಗಿಡವನ್ನು ಮುಟ್ಟುವುದೇ ಇಲ್ಲ. ತಟ್ಟೆಯಲ್ಲಿ ಎರಡು ಮೂರು ಸೆಂಟಿಮೀಟರ್ ನೀರು ನಿಲ್ಲಿಸಿ ಕುಂಡ ಇಡಿ. ಮೊದಲ ಸಲ ನೀರು ಉಗುರು ಬೆಚ್ಚಗಿದ್ದರೆ ಒಳ್ಳೆಯದು, ತಣ್ಣೀರಿಗಿಂತ ಪೀಟ್ ಅದನ್ನು ಬೇಗ ಎಳೆದುಕೊಳ್ಳುತ್ತದೆ. ಜೊತೆಗೆ ಮೇಲಿನಿಂದ ಸ್ಪ್ರೇ ಬಾಟಲಿಯಲ್ಲಿ ಆಗಾಗ ಸುಮ್ನೆ ಮಂಜಿನಂತೆ ಸಿಂಪಡಿಸಿ. ಮೇಲೂ ಕೆಳಗೂ ಒದ್ದೆಯಾದರೆ ನಡುವಿನ ಒಣ ಭಾಗ ಬೇಗ ಸೋಲುತ್ತದೆ. ಮೊದಲ ಕೆಲವು ಗಂಟೆ ಏನೂ ಆಗುತ್ತಿಲ್ಲ ಅನಿಸುತ್ತದೆ. ಆಮೇಲೆ ಕುಂಡದ ಮೇಲ್ಮೈಯಲ್ಲಿ ಅಂಚಿನಿಂದ ಗಾಢ ಬಣ್ಣ ಹರಡಲು ಶುರುವಾಗುತ್ತದೆ. ತಿಳಿ ಕಂದು ಇದ್ದದ್ದು ಕಪ್ಪು ಕಂದಾಗುತ್ತಾ ನಡುವಿಗೆ ಬರುತ್ತದೆ. ಕೆಲವು ಕುಂಡಕ್ಕೆ ಒಂದು ರಾತ್ರಿ ಸಾಕು, ಕೆಲವಕ್ಕೆ ಮರುದಿನವೂ ಬೇಕು. ಆಗಾಗ ಎತ್ತಿ ತೂಕ ನೋಡಿ. ಕುಂಡ ಭಾರವಾಗಿ, ಮೇಲ್ಮೈ ಪೂರ್ತಿ ಕಪ್ಪಾದರೆ ನೆನೆದಿದೆ ಎಂದರ್ಥ. ಆಮೇಲೆ ತಟ್ಟೆಯಲ್ಲಿ ಒಂದು ಸೆಂಟಿಮೀಟರ್ ನೀರು ಇದ್ದರೆ ಸಾಕು. ಜಾಸ್ತಿ ಬೇಡ. ಎಲೆ ಕಳೆದುಕೊಂಡ ಗಿಡ ನೀರು ಕುಡಿಯುವುದೂ ಕಡಿಮೆ. ಕುತ್ತಿಗೆವರೆಗೆ ನೀರಲ್ಲಿ ನಿಂತರೆ ಒಣಗಿ ಉಳಿದ ಗೆಡ್ಡೆ ಕೊಳೆತು ಹೋಗುತ್ತದೆ.

ಹೊಸ ಮಣ್ಣಿಗೆ ಬದಲಿಸುವುದಕ್ಕೆ ನಾನು ಎರಡೇ ಸಂದರ್ಭದಲ್ಲಿ ಹೋಗುತ್ತೇನೆ. ಗೆಡ್ಡೆಯ ಒಂದು ಭಾಗ ಕೊಳೆತಿದ್ದು ಕತ್ತರಿಸಬೇಕಾದಾಗ, ಇಲ್ಲವೇ ಹಳೆಯ ಮಣ್ಣಿನ ಮೇಲೆ ಬಿಳಿ ಉಪ್ಪಿನ ಪದರ ಕೂತಿರುವಾಗ. ಪೀಟ್ ಮತ್ತು ಪರ್ಲೈಟ್ (ಮಣ್ಣು ಸಡಿಲವಾಗಿಡುವ ಹಗುರ ಬಿಳಿ ಕಲ್ಲಿನ ಹರಳು) ಅರ್ಧಕ್ಕರ್ಧ, ಮೊದಲೇ ಚೆನ್ನಾಗಿ ನೆನೆಸಿದ್ದು. ಗೊಬ್ಬರ ಸೇರಿದ ಪಾಟಿಂಗ್ ಮಿಕ್ಸ್ ಯಾವತ್ತೂ ಬೇಡ. ಬರೀ ಒಣಗಿದ ಕಾರಣಕ್ಕೆ ಕುಂಡ ಬದಲಿಸಿದ ಗಿಡ ಹೊಸ ಎಲೆ ಬಿಡಲು ತಟ್ಟೆಯ ಗಿಡಕ್ಕಿಂತ ಜಾಸ್ತಿ ಸಮಯ ತೆಗೆದುಕೊಂಡದ್ದನ್ನು ನೋಡಿದ್ದೇನೆ. ಬೇರು ಒಮ್ಮೆ ಬಾಯಾರಿ, ಇನ್ನೊಮ್ಮೆ ಕಿತ್ತು, ಎರಡು ಪೆಟ್ಟು ತಿಂದಂತಾಯಿತು ಅಲ್ವಾ?

ಪ್ಲಾಸ್ಟಿಕ್ ಚೀಲ ಮುಚ್ಚಬೇಕೇ ಎಂಬ ಪ್ರಶ್ನೆಯೂ ಬರುತ್ತದೆ. ಒಂದೆರಡು ಹಸಿರು ಎಲೆ ಉಳಿದು ಜೋತು ಬಿದ್ದಿದ್ದರೆ ಕೆಲವು ದಿನ ಸಡಿಲವಾಗಿ ಮುಚ್ಚಿದ್ದು ನನಗೆ ಉಪಯೋಗವಾಯಿತು, ಎಲೆ ಮತ್ತೆ ಎದ್ದು ನಿಂತಿತು. ದಿನಕ್ಕೊಮ್ಮೆ ತೆಗೆದು ಗಾಳಿ ಆಡಿಸಬೇಕು, ಬಿಸಿಲಿಗೆ ಇಡಲೇಬಾರದು. ಎಲೆಯೇ ಇಲ್ಲದ ಗೆಡ್ಡೆಗೆ ಚೀಲದಿಂದ ಸಿಗುವುದು ಬೂಸು ಮಾತ್ರ.

ಯಾವ ದಾರಿ ಹಿಡಿದರೂ ನೀರು ತಪ್ಪಾದರೆ ಎಲ್ಲ ವ್ಯರ್ಥ. ಈ ಗಿಡದ ತವರು ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾದ ಕರಾವಳಿ ಬಯಲು. ಅಲ್ಲಿನ ಮಣ್ಣು ಮರಳು ಬೆರೆತದ್ದು, ಸದಾ ತೇವ ಇರುವಂಥದ್ದು, ಸಾರವೇ ಇಲ್ಲದ್ದು. ಹುಳ ಹಿಡಿಯುವ ಬಾಯಿ ಬಂದದ್ದೂ ಮಣ್ಣಲ್ಲಿ ಸಿಗದ ಸಾರಜನಕಕ್ಕಾಗಿಯೇ. ಇಂಥ ಬೇರಿಗೆ ನಲ್ಲಿ ನೀರಿನ, ಬೋರ್‌ವೆಲ್ ನೀರಿನ ಲವಣ ಸಹಿಸಲು ಆಗುವುದಿಲ್ಲ. ಮಳೆ ನೀರು, ಡಿಸ್ಟಿಲ್ಡ್ ನೀರು ಒಳ್ಳೆಯದು. ಆರ್‌ಒ ನೀರೂ ಆಗುತ್ತದೆ, ಆದರೆ ಕುಡಿಯುವ ನೀರಿನ ಎಷ್ಟೋ ಯಂತ್ರಗಳು ರುಚಿಗೆಂದು ಖನಿಜ ವಾಪಸ್ ಸೇರಿಸುತ್ತವೆ. ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ, 50 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 50 ಭಾಗ) ಒಳಗಿದ್ದರೆ ಹಾಕಿ.

ಪೂರ್ತಿ ಕಪ್ಪಾದ ಎಲೆಗಳನ್ನು ಕತ್ತರಿಸಿ ತೆಗೆಯಿರಿ. ಅರ್ಧ ಹಸಿರು ಇರುವುದನ್ನು ಬಿಡಿ, ಆ ಅರ್ಧವೂ ಬೆಳಕು ಹಿಡಿದು ಗೆಡ್ಡೆಗೆ ಊಟ ಕೊಡುತ್ತದೆ. ಮೊದಲ ವಾರ ನೇರ ಬಿಸಿಲು ಬೇಡ, ಒಳ್ಳೆಯ ಬೆಳಕು ಇರಲಿ. ಆಮೇಲೆ ದಿನದಿನ ಸ್ವಲ್ಪ ಸ್ವಲ್ಪವೇ ಬಿಸಿಲಿಗೆ ಸರಿಸಿ. ಹುಳ ತಿನ್ನಿಸುವುದು, ಬಾಯಿ ಮುಟ್ಟಿ ಮುಚ್ಚಿಸುವುದು ಎರಡೂ ಬೇಡ, ಮುಚ್ಚಿ ತೆರೆಯಲು ಗಿಡಕ್ಕೆ ಶಕ್ತಿ ಖರ್ಚಾಗುತ್ತದೆ. ಹೂವಿನ ಕಡ್ಡಿ ಎದ್ದರೆ ಚಿಕ್ಕದಿರುವಾಗಲೇ ಕತ್ತರಿಸಿ. ಚಳಿಗಾಲದಲ್ಲಿ ಒಣಗಿದ ಗಿಡವಾಗಿದ್ದರೆ ಇನ್ನೂ ತಾಳ್ಮೆ ಬೇಕು. ಅದು ಹೇಗಿದ್ದರೂ ಮೂರ್ನಾಲ್ಕು ತಿಂಗಳು ಮಲಗುವ ಕಾಲ, ಗೆಡ್ಡೆ ಗಟ್ಟಿಯಿರುವವರೆಗೆ ಕಾಯಿರಿ. ಬೆಳೆಯುವ ಕಾಲದಲ್ಲಾದರೆ ಕೆಲವು ವಾರದಲ್ಲಿ ನಡುವಿನಿಂದ ಸುರುಳಿ ಸುತ್ತಿದ ಹಸಿರು ಮೊಳಕೆ ಏಳುತ್ತದೆ. ಮೊದಲು ಬರುವ ಬಾಯಿಗಳು ಪುಟ್ಟದಾಗಿ, ಸೊಟ್ಟಗಿರುತ್ತವೆ. ಮೂರು ನಾಲ್ಕು ಎಲೆ ಸರಿಯಾಗಿ ಬಿಚ್ಚಿದ ಮೇಲೆ ಹುಳ ಕೊಡಬಹುದು.